ಗಾಡಿ ಮೊದಲು ಮಾತಾಡಲಿ

ಆದೋನಿಯಲ್ಲಿ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿಗೆ ಬರುವ ಗಿರಾಕಿ ಸಾಮಾನಿನ ಹೆಸರು ಹೇಳುವುದು ಅಪರೂಪ. ಸದ್ದು ಹೇಳುತ್ತಾನೆ. ‘ಕಟಕಟ ಅಂತೈತೆ, ಬ್ರೇಕ್ ಒತ್ತಿದ್ರೆ ನಿಲ್ತೈತೆ’ ಅನ್ನುತ್ತಾನೆ ಒಬ್ಬ. ‘ಕುಯ್ಯೋ ಅಂತ ಒಂದೇ ಸಮ ಕೂಗ್ತೈತೆ, ಅದೂ ಮಳಿ ಬಂದ ದಿನ ಮುಂಜಾನೆ ಮಾತ್ರ’ ಅನ್ನುತ್ತಾನೆ ಇನ್ನೊಬ್ಬ. ಮೊದಲನೆಯವನ ಬ್ರೇಕ್ ಪ್ಯಾಡ್ ಸಡಿಲಾಗಿದೆ, ಎರಡನೆಯವನ ಫ್ಯಾನ್ ಬೆಲ್ಟ್ ಸವೆದಿದೆ. ಪಕ್ಕದಲ್ಲಿ ಚಹಾ ಕುಡಿಯುತ್ತ ನಿಂತ ಮೂರನೆಯವನು, ಯಾರೂ ಕೇಳದಿದ್ದರೂ, ತನ್ನ ತೀರ್ಪು ಕೊಟ್ಟೇ ಕೊಡುತ್ತಾನೆ. ಆ ಮೂರನೆಯವನನ್ನು ನಂಬಿಕೊಂಡೇ ನಾನೂ ನನ್ನ ಮೆಕ್ಯಾನಿಕ್ ಗೆಳೆಯನೂ ಗಾಡಿಗಳ ಬಗ್ಗೆ ಕನ್ನಡದಲ್ಲಿ ಒಂದು ಪಾಡ್‌ಕಾಸ್ಟ್ ಶುರು ಮಾಡಿದೆವು. ಅದರ ಹೆಸರು ಇಲ್ಲಿ ಬೇಡ. ಹೇಳಿದರೆ ಈ ಲೇಖನವೇ ಜಾಹೀರಾತಾದೀತು. ಕೆಲವು ವರ್ಷ ಅದನ್ನು ನಡೆಸಿದ ಮೇಲೆ ಗಾಡಿ, ರೇಸುಗಳ ಬಗ್ಗೆ ಎಂಥ ಕಾರ್ಯಕ್ರಮವನ್ನು ಜನ ಕೊನೆತನಕ ಕೇಳುತ್ತಾರೆ, ಎಂಥದ್ದನ್ನು ಅರ್ಧಕ್ಕೇ ಬಿಟ್ಟು ಹಾಡು ಹಾಕಿಕೊಳ್ಳುತ್ತಾರೆ ಅನ್ನುವುದು ಒಂದಿಷ್ಟು ಗೊತ್ತಾಗಿದೆ.

ಕೇಳುವವರು ಯಾರು ಅನ್ನುವುದನ್ನು ಮೊದಲು ಹೇಳಬೇಕು. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ಎರಡೂ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಆಂಧ್ರ ರಾಜ್ಯ ಹುಟ್ಟಿದಾಗ ಅವು ಆ ಕಡೆ ಹೋಗಿ ಕರ್ನೂಲು ಜಿಲ್ಲೆಗೆ ಸೇರಿದವು. ಗಡಿ ಸರಿಯಿತೇ ಹೊರತು ಮನೆಮಾತು ಸರಿಯಲಿಲ್ಲ. ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರವಿ ಕಡೆಯ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಕನ್ನಡವೇ. ಬಸ್ಸಿನ ಬೋರ್ಡು ತೆಲುಗು, ಬೈಗುಳ ಎರಡೂ ಭಾಷೆಯವು. ನಂಬರ್ ಪ್ಲೇಟುಗಳನ್ನು ನೋಡಿದರೂ ಇದೇ ಕಥೆ: ಹಳೆಯ ಎಪಿ 21, ಹೊಸ ಎಪಿ 39, ನಡುನಡುವೆ ಬಳ್ಳಾರಿಯ ಕೆಎ 34, ರಾಯಚೂರಿನ ಕೆಎ 36. ಹಗರಿಯಿಂದ ಆಲೂರು, ಆದೋನಿ, ಎಮ್ಮಿಗನೂರು, ಮಂತ್ರಾಲಯ ದಾಟಿ ರಾಯಚೂರಿಗೆ ಹೋಗುವ 167ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ತಾಸು ನಿಂತರೆ ಈ ನಾಲ್ಕೂ ಕಣ್ಣಿಗೆ ಬೀಳುತ್ತವೆ.

ಹತ್ತಿ ಸೀಸನ್ನಿನಲ್ಲಿ ಮಾರ್ಕೆಟ್ ಯಾರ್ಡಿನ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಜಿನ್ನಿಂಗ್ ಮಿಲ್ಲಿನ ಗೇಟಿನಲ್ಲಿ 170 ಕಿಲೋ ತೂಕದ ಬೇಲುಗಳನ್ನು ಹೇರಿಸಿಕೊಳ್ಳಲು ಲಾರಿಗಳು ಕಾಯುತ್ತವೆ. ನಮ್ಮ ಕೇಳುಗ ಅಲ್ಲಿ ಸ್ಟೀರಿಂಗ್ ಹಿಂದೆ ಕೂತು ಬೀಡಿ ಸೇದುತ್ತಿರುತ್ತಾನೆ. ಅವನಿಗೆ ಸಮಯ ಇದೆ, ಗಾಡಿಯ ಬಗ್ಗೆ ನನಗಿಂತ ಹೆಚ್ಚು ತಿಳಿವಳಿಕೆಯೂ ಇದೆ. ಇದನ್ನು ಮರೆತವರ ಕಾರ್ಯಕ್ರಮಗಳೇ ಹೆಚ್ಚು. ಹೊಸ ಕಾರು ಬಂದರೆ ಇಷ್ಟು ಸಿಸಿ, ಇಷ್ಟು ಬಿಎಚ್‌ಪಿ, ಇಷ್ಟು ನ್ಯೂಟನ್ ಮೀಟರ್, ಸನ್‌ರೂಫ್ ಉಂಟು, ಆರು ಏರ್‌ಬ್ಯಾಗ್ ಉಂಟು ಎಂದು ಕಂಪನಿಯ ಚೀಟಿಯನ್ನೇ ಓದಿ ಹೇಳುತ್ತಾರೆ. ಚೀಟಿ ಶೋರೂಮಿನಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಕಿವಿಗೆ ಸುರಿದರೆ ಕೇಳುಗ ಮಾಡಬೇಕಾದ ಕೆಲಸ ಏನೂ ಉಳಿಯುವುದಿಲ್ಲ. ನಾನು ಕಂಡುಕೊಂಡದ್ದು ಇಷ್ಟೇ: ಒಳ್ಳೆಯ ಗಾಡಿ ಕಾರ್ಯಕ್ರಮ ಕೇಳುಗನಿಗೆ ಊಹಿಸಲು ಏನಾದರೂ ಕೊಡುತ್ತದೆ, ಆಮೇಲೆ ಅವನ ಊಹೆ ಸರಿಯೋ ತಪ್ಪೋ ಎಂದು ತಿಳಿಯುವವರೆಗೆ ಅವನನ್ನು ಕೈಬಿಡುವುದಿಲ್ಲ.

ಇದನ್ನು ಪಾಡ್‌ಕಾಸ್ಟ್ ಎಂಬ ಮಾತು ಹುಟ್ಟುವ ಎಷ್ಟೋ ಮೊದಲೇ ಮಾಡಿ ತೋರಿಸಿದವರು ಅಮೆರಿಕದ ಟಾಮ್ ಮತ್ತು ರೇ ಮಗ್ಲಿಯೋಟ್ಜಿ ಎಂಬ ಅಣ್ಣತಮ್ಮಂದಿರು. ಇಬ್ಬರೂ ಎಂಐಟಿಯಲ್ಲಿ ಓದಿದವರು, ಇಬ್ಬರೂ ಗ್ಯಾರೇಜು ನಡೆಸಿದವರು. 1977ರಲ್ಲಿ ಬಾಸ್ಟನ್ನಿನ ಒಂದು ರೇಡಿಯೋ ಕೇಂದ್ರದಲ್ಲಿ ಅವರ ‘ಕಾರ್ ಟಾಕ್’ ಶುರುವಾಯಿತು, 1987ರಿಂದ ದೇಶಕ್ಕೆಲ್ಲ ಕೇಳಿಸಿತು, 2012ರವರೆಗೆ ಹೊಸ ಕಂತುಗಳು ಬಂದವು. ಟಾಮ್ 2014ರಲ್ಲಿ ತೀರಿಕೊಂಡರು. ಹಳೆಯ ಕಂತುಗಳನ್ನು ನಾನು ಅಂಗಡಿ ಮುಚ್ಚಿದ ಮೇಲೆ ಕೂತು ಕೇಳಿದ್ದೇನೆ. ಇಂಗ್ಲಿಷು ಅರ್ಧಂಬರ್ಧ ತಿಳಿಯುತ್ತಿತ್ತು, ಆದರೂ ನಗು ಬರುತ್ತಿತ್ತು. ಏಕೆಂದರೆ ಅಲ್ಲಿಯೂ ನಮ್ಮ ಕೌಂಟರಿನ ವ್ಯವಹಾರವೇ! ಫೋನು ಮಾಡಿದವರು ಬಾಯಲ್ಲಿ ಸದ್ದು ಮಾಡಿ ತೋರಿಸುತ್ತಾರೆ. ಇವರಿಬ್ಬರೂ ಮೊದಲು ಹೊಟ್ಟೆ ತುಂಬ ನಗುತ್ತಾರೆ. ಆಮೇಲೆ ಪ್ರಶ್ನೆ: ಎಂಜಿನ್ ತಣ್ಣಗಿದ್ದಾಗಲೋ ಕಾದ ಮೇಲೋ? ಎಡಕ್ಕೆ ತಿರುಗಿದಾಗಲೋ ಬಲಕ್ಕೋ? ಒಂದೊಂದು ಉತ್ತರಕ್ಕೂ ರೋಗಗಳ ಪಟ್ಟಿ ಕಿರಿದಾಗುತ್ತ ಬರುತ್ತದೆ. ಅಡುಗೆಮನೆಯಲ್ಲಿ ಕೂತು ಕೇಳುವವನೂ ಅವರ ಜೊತೆಗೇ ಒಂದೊಂದನ್ನು ಹೊಡೆದುಹಾಕುತ್ತಿರುತ್ತಾನೆ.

ಆ ಕಾರ್ಯಕ್ರಮದಲ್ಲಿ ನಾನು ಕದ್ದದ್ದು ನಗುವನ್ನಲ್ಲ. ಅದು ಕದ್ದರೆ ಬರುವಂಥದಲ್ಲ. ಕದ್ದದ್ದು ಅವರ ಇನ್ನೊಂದು ಪದ್ಧತಿಯನ್ನು. ಹಿಂದೆ ಫೋನು ಮಾಡಿದ್ದವರನ್ನು ಮತ್ತೆ ಹುಡುಕಿ ಕರೆಸಿ, ‘ನಾವು ಹೇಳಿದ್ದು ಸರಿಯಾಯಿತೇ?’ ಎಂದು ಎಲ್ಲರ ಮುಂದೆ ಕೇಳುತ್ತಿದ್ದರು. ತಪ್ಪಾಗಿದ್ದರೆ ಇನ್ನೂ ಜೋರು ನಗು. ನಮ್ಮಲ್ಲಿ ಈ ಭಾಗ ಶುರುವಾದ ಮೇಲೆ ಬರುವ ವಾಯ್ಸ್ ಮೆಸೇಜುಗಳ ಧಾಟಿಯೇ ಬದಲಾಯಿತು. ಪೆದ್ದಕಡಬೂರು ಕಡೆಯ ರೈತರೊಬ್ಬರು ಟ್ರ್ಯಾಕ್ಟರಿನ ಹಿಂಗಾಲಿಯ ಹತ್ತಿರ ಬರುವ ಗುಡುಗುಡು ಸದ್ದು ಕಳಿಸಿದ್ದರು. ಗೆಳೆಯ ಹಬ್ ಬೇರಿಂಗ್ ಎಂದ. ಕೇಳುಗರಲ್ಲಿ ಎರಡು ಪಕ್ಷವಾಯಿತು. ಕೊನೆಗೆ ನೋಡಿದರೆ ಟೂಲ್ ಬಾಕ್ಸಿನ ತಳದಲ್ಲಿ ಮೊಮ್ಮಗ ಇಟ್ಟಿದ್ದ ಒಂದು ದುಂಡುಕಲ್ಲು. ಆ ಕಂತನ್ನು ಕೇಳಿದಷ್ಟು ಜನ, ಮುಂಬಯಿಯ ದೊಡ್ಡ ಪತ್ರಿಕೆಗಳು ಹೊಗಳಿದ ಕಾರಿನ ಬಗ್ಗೆ ಮಾಡಿದ ಕಂತನ್ನು ಕೇಳಲಿಲ್ಲ. ತಜ್ಞ ಸೋತದ್ದು ಕೇಳಲು ಜನಕ್ಕೆ ಇಷ್ಟ ಎಂದು ಗೆಳೆಯ ಮುನಿಸಿಕೊಂಡ. ನನಗೆ ಹಾಗನ್ನಿಸಲಿಲ್ಲ. ತಮ್ಮ ಊಹೆಗೆ ಉತ್ತರ ಸಿಕ್ಕಿತು, ಅದಕ್ಕೇ ಕೇಳಿದರು.

ಸದ್ದಿನ ವಿಷಯಕ್ಕೆ ಬಂದರೆ ಮಾತು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಗಾಡಿಯ ಸದ್ದನ್ನು ಹಿನ್ನೆಲೆ ಸಂಗೀತದಂತೆ ಬಳಸುವವರನ್ನು ಕಂಡರೆ ನನಗಾಗದು. ಸದ್ದೇ ಸಾಕ್ಷಿ. ಯಮಹಾ ಆರ್‌ಎಕ್ಸ್ 100 ಇಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಆದೋನಿಯಲ್ಲಿ ಇವತ್ತಿಗೂ ಯಾವುದಾದರೂ ಓಣಿಯಲ್ಲಿ ಒಂದು ಸ್ಟಾರ್ಟ್ ಆದರೆ ಐವತ್ತು ದಾಟಿದವರು ತಲೆ ಎತ್ತುತ್ತಾರೆ. ಆ ಕೂಗಿಗೆ ಕಾರಣ ಇದೆ. ಅದು ಟೂ ಸ್ಟ್ರೋಕ್. ಕ್ರ್ಯಾಂಕ್ ಒಂದು ಸುತ್ತು ಸುತ್ತಿದರೆ ಒಂದು ಸಿಡಿತ. ನಿಮಿಷಕ್ಕೆ 7,500 ಸುತ್ತಿನಲ್ಲಿ ಸೆಕೆಂಡಿಗೆ 125 ಸಿಡಿತ. ಅದೇ ವೇಗದಲ್ಲಿ ತಿರುಗುವ ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದು, ಅಂದರೆ ಸೆಕೆಂಡಿಗೆ 62 ಚಿಲ್ಲರೆ. ಸಂಗೀತ ಬಲ್ಲವರು ಇದನ್ನು ಒಂದು ಸ್ಥಾಯಿ ಕೆಳಗೆ ಅನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಟಿವಿಎಸ್ ಎಕ್ಸ್‌ಎಲ್ ಗಾಡಿಗಳ ಸದ್ದು ಇಳಿದದ್ದೂ ಹೀಗೆಯೇ. ಟೂ ಸ್ಟ್ರೋಕಿನ ಎಕ್ಸ್‌ಎಲ್ ಸೂಪರಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು ಕೂಗುತ್ತ ಬರುತ್ತಿದ್ದವರು, 2015ರಲ್ಲಿ ಫೋರ್ ಸ್ಟ್ರೋಕಿನ ಎಕ್ಸ್‌ಎಲ್ 100 ಬಂದ ಮೇಲೆ ಗುರುಗುಟ್ಟುತ್ತ ಬರತೊಡಗಿದರು. ಹೊರೆ ಮಾತ್ರ ಅಷ್ಟೇ. ಹಳೆಯ ಬುಲೆಟ್ ನಿಂತಲ್ಲಿ ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಏಳೆಂಟು ಸಿಡಿತ. ಕಿವಿ ಒಂದೊಂದನ್ನೂ ಎಣಿಸಬಹುದೇನೋ ಅನ್ನಿಸುತ್ತದೆ, ಅದಕ್ಕೇ ಅದು ಗುಂಡಿಗೆಗೆ ತಾಗುತ್ತದೆ.

ಇನ್ನೊಂದು ತುದಿಯಲ್ಲಿ ಫಾರ್ಮುಲಾ ಒನ್. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಮೂರು ರೇಸು ನಡೆದವು, ಮೂರನ್ನೂ ಸೆಬಾಸ್ಟಿಯನ್ ವೆಟೆಲ್ ಗೆದ್ದ. ಆಗಿನ ಕಾರುಗಳದ್ದು ಎಂಟು ಸಿಲಿಂಡರಿನ ಎಂಜಿನ್, ನಿಮಿಷಕ್ಕೆ 18,000 ಸುತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ 1,200 ಸಿಡಿತ. 2014ರಿಂದ ಆರು ಸಿಲಿಂಡರಿನ ಟರ್ಬೊ ಹೈಬ್ರಿಡ್ ಬಂತು, ಹೊಗೆಕೊಳವೆಯಿಂದ ಹೊರಹೋಗುವ ಶಕ್ತಿಯನ್ನು ಟರ್ಬೊ ನುಂಗತೊಡಗಿತು, ಆ ಕಿರುಚು ಹೋಯಿತು. ಅಂದರೆ ಭಾರತದ ನೆಲದ ಮೇಲೆ ನಡೆದ ಫಾರ್ಮುಲಾ ಒನ್ ರೇಸುಗಳಲ್ಲಿ ಕೇಳಿಸಿದ್ದು ಹಳೆಯ ಸದ್ದು ಮಾತ್ರ. ಇಷ್ಟನ್ನು ಹೇಳಿ, ಬುಲೆಟ್ಟಿನಿಂದ ಶುರುಮಾಡಿ ಆರ್‌ಎಕ್ಸ್ ದಾಟಿ ವಿ8 ತನಕ ಒಂದರ ಹಿಂದೆ ಒಂದು ಸದ್ದು ಕೇಳಿಸಿದರೆ, ರೇಸು ಅಂದರೇನೆಂದೇ ಗೊತ್ತಿಲ್ಲದವನೂ ಅದರ ಬಾಗಿಲೊಳಗೆ ಒಂದು ಕಾಲು ಇಡುತ್ತಾನೆ. ಹೇಳುವ ಮೊದಲು ಕೇಳಿಸಬೇಕು, ಇದು ನಾವು ಬಿಡದೆ ಪಾಲಿಸುವ ಕ್ರಮ. ಮೊದಲು ಸದ್ದು, ಆಮೇಲೆ ಎರಡು ಉಸಿರಿನಷ್ಟು ಮೌನ, ಆಮೇಲೆ ನಮ್ಮ ಮಾತು.

ರೆಕಾರ್ಡಿಂಗಿನ ಬಗ್ಗೆ ಎರಡು ಮಾತು. ಫೋನಿನ ಮೈಕು ಮನುಷ್ಯರ ಮಾತಿಗೆ ಎಂದು ಮಾಡಿದ್ದು, ಎಂಜಿನ್ ಸದ್ದನ್ನು ಕಸ ಎಂದು ತಿಳಿದು ತಾನೇ ಒರೆಸಿಹಾಕುತ್ತದೆ. ಸದ್ದು ಕಡಿಮೆ ಮಾಡುವ ಆ ಸೆಟ್ಟಿಂಗನ್ನು ಆಫ್ ಮಾಡಬೇಕು. ಸೈಲೆನ್ಸರಿನ ಬಾಯಿಗೆ ಹಿಡಿದರೆ ಒಡೆದ ಸದ್ದು ಬಿಟ್ಟು ಬೇರೇನೂ ಸಿಗದು. ನಾಲ್ಕು ಹೆಜ್ಜೆ ದೂರ, ಪಕ್ಕಕ್ಕೆ ನಿಂತು, ಮೈಕಿನ ಮೇಲೆ ಒಂದು ಬಟ್ಟೆ ಹಾಕಿ ಹಿಡಿದರೆ ಗಾಳಿಯೂ ತಪ್ಪುತ್ತದೆ. ಇದೆಲ್ಲ ಯಾರಿಗಾದರೂ ಬರುತ್ತದೆ. ಕಷ್ಟದ್ದು ಬೇರೆ ಇದೆ. ನಮ್ಮ ಕೇಳುಗ ಲಾರಿ ಕ್ಯಾಬಿನ್ನಿನಲ್ಲಿ ಫೋನಿನ ಸ್ಪೀಕರಿನಲ್ಲೇ ಕೇಳುತ್ತಾನೆ. ಇಯರ್‌ಫೋನ್ ಹಾಕಿಕೊಳ್ಳಿ ಎಂದು ಅವನಿಗೆ ಹೇಳುವಂತಿಲ್ಲ. ಓಡಿಸುವವನು ಹಾರ್ನ್ ಕೇಳಬೇಕು. ಆ ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ಸದ್ದು ಬರುವುದೇ ಇಲ್ಲ. ಬುಲೆಟ್ಟಿನ ಗುಡುಗು ಹೋಗಿ ಬರೀ ಟಪ್ಪೆಟ್ಟಿನ ಚಿಟಿಚಿಟಿ ಉಳಿಯುತ್ತದೆ. ಹಾಗಾಗಿ ನಾವು ಚೈನು, ಬೆಲ್ಟು, ಬೇರಿಂಗು, ಟಪ್ಪೆಟ್ಟುಗಳಂಥ ಮೇಲಿನ ಸದ್ದುಗಳನ್ನೇ ಹೆಚ್ಚು ಆರಿಸುತ್ತೇವೆ. ಸ್ಟುಡಿಯೋದಲ್ಲಿ ಚೆಂದ ಕೇಳಿಸಿದ್ದು ಕ್ಯಾಬಿನ್ನಿನಲ್ಲಿ ಸತ್ತಿರುತ್ತದೆ. ಕಂತು ಹೊರಬಿಡುವ ಮೊದಲು ಅದನ್ನು ಓಡುತ್ತಿರುವ ಒಂದು ಲಾರಿಯಲ್ಲಿ ಕೂತು ಕೇಳಬೇಕು. ನನಗೆ ಗೊತ್ತಿರುವ ಪರೀಕ್ಷೆ ಅದೊಂದೇ.

ರೇಸಿನ ಕಥೆ ಇನ್ನೂ ಬಿಗಿಯಾದದ್ದು. ಕಾಣದ ರೇಸನ್ನು ಕಿವಿಯಲ್ಲಿ ನಡೆಸುವುದು ಹೇಗೆ? ಟಿವಿ ಕಾಮೆಂಟರಿಯವರಿಂದ ಕಲಿಯಲು ಏನೂ ಇಲ್ಲ. ಚಿತ್ರ ಅವರ ಅರ್ಧ ಕೆಲಸ ಮಾಡಿಬಿಡುತ್ತದೆ. ನಾನು ಕಲಿತದ್ದು ಜಾತ್ರೆಯ ಮೈಕಿನವನಿಂದ.

ನಮ್ಮ ಕಡೆ ಜಾತ್ರೆ, ಹಬ್ಬಗಳಲ್ಲಿ ಎತ್ತುಗಳಿಂದ ಬಂಡೆ ಎಳೆಸುವ ಪಂದ್ಯ ನಡೆಯುತ್ತದೆ. ಜೋಡಿಗಳನ್ನು ಹಲ್ಲಿನ ಮೇಲೆ ವಿಂಗಡಿಸುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಸೀನಿಯರ್. ಕ್ವಿಂಟಾಲುಗಟ್ಟಲೆ ತೂಕದ ಬಂಡೆ, ಗೊತ್ತುಮಾಡಿದ ನಿಮಿಷಗಳು, ಅಷ್ಟರಲ್ಲಿ ಎಷ್ಟು ಅಡಿ ಎಳೆದವು ಅನ್ನುವುದೇ ಲೆಕ್ಕ. ಎರಡು ಜೋಡಿ ಅಕ್ಕಪಕ್ಕ ಓಡುವುದಿಲ್ಲ. ಒಂದು ಜೋಡಿ ಎಳೆದು ಹೋದ ಮೇಲೆ ಇನ್ನೊಂದು. ಅಂದರೆ ಎದುರಾಳಿ ಅಖಾಡದಲ್ಲೇ ಇಲ್ಲ, ಅವನ ಅಡಿಗಳ ಸಂಖ್ಯೆ ಮಾತ್ರ ಇದೆ. ಜನವೋ ಹತ್ತು ಸಾಲು ದಪ್ಪ. ಹಿಂದಿನವರಿಗೆ ಧೂಳು ಬಿಟ್ಟು ಏನೂ ಕಾಣದು. ಅವರಿಗೆ ಆ ಪಂದ್ಯ ಮೈಕಿನವನ ಬಾಯಲ್ಲಿ ನಡೆಯುತ್ತದೆ.

ಒಳ್ಳೆಯ ಮೈಕಿನವನು ‘ಅದ್ಭುತ’, ‘ರೋಚಕ’ ಅನ್ನುವುದಿಲ್ಲ. ಯಾವ ಊರ ಜೋಡಿ, ಎಷ್ಟು ಹಲ್ಲು ಅನ್ನುತ್ತಾನೆ. ಮೊದಲ ಸ್ಥಾನದಲ್ಲಿರುವವರ ಅಡಿ ಇಷ್ಟು ಎಂದು ಶುರುವಿನಲ್ಲೇ ಹೇಳಿ, ನಡುವೆ ಇನ್ನೆರಡು ಸಲ ನೆನಪಿಸುತ್ತಾನೆ. ಉಳಿದ ನಿಮಿಷ, ಆದ ಅಡಿ, ಉಳಿದ ನಿಮಿಷ, ಆದ ಅಡಿ. ಬಂಡೆಯನ್ನು ಪಟ್ಟಿಯ ತುದಿಯಲ್ಲಿ ತಿರುಗಿಸುವಾಗ ಸಮಯ ಸೋರುತ್ತದೆಂದು ಎಲ್ಲರಿಗೂ ಗೊತ್ತು, ಅಲ್ಲಿ ಅವನು ಮಾತು ನಿಲ್ಲಿಸುತ್ತಾನೆ. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಬೆರಳು ಮಡಿಚಿ ಲೆಕ್ಕ ಹಾಕುತ್ತ ‘ಆಗಂಗಿಲ್ಲ, ನಲವತ್ತು ಅಡಿ ಕಮ್ಮಿ ಬೀಳ್ತೈತೆ’ ಅನ್ನುತ್ತಾನೆ. ಮೈಕಿನವನು ಕೊಟ್ಟ ಎರಡು ಸಂಖ್ಯೆಗಳಿಂದ ಆ ಮುದುಕ ಮೂರನೆಯದನ್ನು ತಾನೇ ಮಾಡಿಕೊಂಡಿದ್ದಾನೆ. ರೇಸಿನ ಕಾರ್ಯಕ್ರಮ ಮಾಡುವವರು ಇದನ್ನು ಕಲಿತರೆ ಸಾಕು. ರ‍್ಯಾಲಿಯೂ ಹೀಗೆಯೇ ಗಡಿಯಾರದ ವಿರುದ್ಧದ ಓಟ. ಯಾರ ಮುಂದೆ ಯಾರು ಅನ್ನುವುದಕ್ಕಿಂತ, ಇನ್ನೆಷ್ಟು ದೂರ ಇದೆ, ಅಷ್ಟರಲ್ಲಿ ಎಷ್ಟು ಸೆಕೆಂಡು ಕಡಿಮೆ ಮಾಡಬೇಕು ಅನ್ನುವುದನ್ನು ಕೇಳುಗನ ಕೈಗೆ ಕೊಟ್ಟುಬಿಡಬೇಕು.

ಸಂಖ್ಯೆ ಕೊಡುವುದು ಬೇರೆ, ಸಂಖ್ಯೆಯಿಂದ ಕಥೆಯನ್ನೇ ಕೊಲ್ಲುವುದು ಬೇರೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ದೇಶದ ಸುದ್ದಿವಾಹಿನಿಗಳು ಅದನ್ನು ಭಾಗಿಸಿ 100 ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ತೆಗೆದು, ಉಸೇನ್ ಬೋಲ್ಟನ ಪಕ್ಕದಲ್ಲಿ ತಂದು ನಿಲ್ಲಿಸಿದವು. ಆ ಭಾಗಾಕಾರದಲ್ಲಿ ಕೋಣಗಳೇ ಮಾಯ. ಕೆಸರು, ನೊಗಕ್ಕೆ ಕಟ್ಟಿದ ಹಗ್ಗದ ಹಿಡಿತ, ಕೋಣಗಳ ಎಳೆತಕ್ಕೆ ಓಡುವವನ ಕಾಲು ಹೊಂದಿಕೊಳ್ಳುವ ರೀತಿ, ಇವೆಲ್ಲ ಕಂಬಳ ನೋಡಿದವರಿಗೆ ಗೊತ್ತಿರುವ ವಿಷಯ. ಗೌಡರು ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ, ಟ್ರ್ಯಾಕಿನ ಮೇಲೆ ಓಡಿ ತೋರಿಸುವ ಪರೀಕ್ಷೆಗೆ ಕರೆದರೂ ಹೋಗುವುದಿಲ್ಲ ಎಂದರು. ಆ ವಾರದ ಗದ್ದಲದಲ್ಲಿ ಅತ್ಯಂತ ವಿವೇಕದ ಮಾತು ಅದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ರ‍್ಯಾಲಿಯ ವಿಷಯ ಬಂದದ್ದರಿಂದ ಕಾಸರಗೋಡಿನ ಮೂಸಾ ಶರೀಫ್ ಅವರನ್ನು ನೆನೆಯಲೇಬೇಕು. ಓಡಿಸುವವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಪಕ್ಕದಲ್ಲಿ ಕೂತು ದಾರಿ ಓದುವವರ ಹೆಸರು ಬರುವುದು ಕಡಿಮೆ. ಶರೀಫ್ ಆ ಪಕ್ಕದ ಸೀಟಿನವರು. ಗೌರವ್ ಗಿಲ್ ಅವರಂಥ ಚಾಲಕರ ಜೊತೆ ಕೂತು ರಾಷ್ಟ್ರೀಯ ರ‍್ಯಾಲಿ ಪ್ರಶಸ್ತಿಗಳನ್ನು ಗೆದ್ದವರು. ಅವರ ಕೆಲಸ ಪೂರ್ತಿ ಬಾಯಿ ಮತ್ತು ಕಿವಿಯದು. ರೇಸಿಗೆ ಮೊದಲು ದಾರಿಯನ್ನು ನಿಧಾನವಾಗಿ ನೋಡಿ ಬಂದು ಒಂದೊಂದು ತಿರುವಿಗೂ ಸಂಖ್ಯೆ ಬರೆದುಕೊಳ್ಳುತ್ತಾರೆ. ಸಾಮಾನ್ಯವಾಗಿ 1 ಅಂದರೆ ಕಡುತಿರುವು, 6 ಅಂದರೆ ವೇಗ ಇಳಿಸದೆ ಹೋಗಬಹುದಾದ ತಿರುವು. ಓಡುವಾಗ ಅದನ್ನೇ ಓದುತ್ತಾರೆ: ಎಡ 4, ಐವತ್ತು ಮೀಟರ್, ದಿಬ್ಬ, ದಿಬ್ಬದಾಚೆ ಬಲ 2, ಒಳಗೆ ಕತ್ತರಿಸಬೇಡ. ಕಾರು ಈ ತಿರುವಿನಲ್ಲಿದ್ದಾಗ ಬಾಯಿ ಮುಂದಿನ ತಿರುವಿನಲ್ಲಿರುತ್ತದೆ. ಬೇಗ ಓದಿದರೆ ಚಾಲಕ ಮರೆಯುತ್ತಾನೆ, ತಡವಾಗಿ ಓದಿದರೆ ಮರಕ್ಕೆ ಗುದ್ದುತ್ತಾನೆ. ನಾನು ಒಂದು ಕಂತಿನ ಟಿಪ್ಪಣಿ ಮಾಡಿಕೊಳ್ಳುವಾಗ ಈ ಕ್ರಮವನ್ನೇ ಅನುಸರಿಸುತ್ತೇನೆ. ಕೇಳುಗನಿಗೆ ಮುಂದಿನ ತಿರುವು ಸ್ವಲ್ಪ ಮುಂಚೆ ಗೊತ್ತಾಗಬೇಕು, ಪೂರ್ತಿ ದಾರಿ ಗೊತ್ತಾಗಬಾರದು. ‘ಈ ಕಂತಿನಲ್ಲಿ ನಾವು ಏಳು ವಿಷಯ ನೋಡೋಣ’ ಎಂದು ಶುರುಮಾಡುವವರು ದಾರಿಯ ನಕ್ಷೆಯನ್ನೇ ಹಂಚಿ, ಕೇಳುಗನನ್ನು ಮನೆಗೆ ಕಳಿಸಿಬಿಡುತ್ತಾರೆ.

ಸಂದರ್ಶನಗಳ ಬಗ್ಗೆ ನನ್ನ ಅಭಿಪ್ರಾಯ ಕಟು. ‘ಗೆದ್ದಾಗ ಹೇಗನ್ನಿಸಿತು?’ ಎಂದು ಕೇಳಿದರೆ ‘ತುಂಬ ಖುಷಿಯಾಯಿತು’ ಎಂಬ ಉತ್ತರ ಬಿಟ್ಟು ಬೇರೇನು ಬಂದೀತು? ಮಾತು ಕೇಳುಗನಿಗೆ ಗೊತ್ತಿರುವುದರಿಂದ ಶುರುವಾಗಬೇಕು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಬೈಕಿನ ಮೇಲೆ, ಮರಳುಗಾಡು ದಾಟುವ ಡಕಾರ್ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿದರು. ಅದನ್ನು ಮುಗಿಸಿದ ಮೊದಲ ಭಾರತೀಯ. ಆ ವರ್ಷ ಬೊಲಿವಿಯಾದ ಉಯುನಿ ಉಪ್ಪಿನ ಬಯಲಲ್ಲಿ ನೀರು ನಿಂತು, ಉಪ್ಪುನೀರು ವೈರಿಂಗಿನೊಳಗೆ ಹೊಕ್ಕು ಎಷ್ಟೋ ಬೈಕುಗಳು ಕೈಕೊಟ್ಟವು. ನನ್ನ ಕೇಳುಗನಿಗೆ ಬೊಲಿವಿಯಾ ಎಲ್ಲಿದೆ ಎಂದು ಗೊತ್ತಿರಲಿಕ್ಕಿಲ್ಲ. ಆದರೆ ಬೋರ್‌ವೆಲ್ಲಿನ ಸವುಳು ನೀರಿನಲ್ಲಿ ಟ್ರ್ಯಾಕ್ಟರ್ ತೊಳೆದರೆ ಕನೆಕ್ಟರಿನ ಹಲ್ಲುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆಂದು ಚೆನ್ನಾಗಿ ಗೊತ್ತು. ಆ ರೇಸಿನ ಬಗ್ಗೆ ಮಾತಾಡುವಾಗ ನಾವು ಉಪ್ಪಿನಿಂದಲೇ ಶುರು ಮಾಡಿದೆವು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಡಕಾರ್ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ, ಕಚ್ಚಾದಾರಿಯ ಬೈಕ್ ರೇಸಾದ ಬಾಜಾದಲ್ಲಿ ಮಹಿಳೆಯರ ವಿಶ್ವಕಪ್ ಗೆದ್ದರು. ಅರವಿಂದರನ್ನು ಕರ್ನಾಟಕದ ಬಹುಪಾಲು ಮನೆಗಳು ಗುರುತಿಸುವುದು 2021ರ ಬಿಗ್ ಬಾಸ್ ಮನೆಯಿಂದ. ಮರಳುಗಾಡಿನಲ್ಲಿ ಒಂಟಿಯಾಗಿ ಬೈಕು ಓಡಿಸಿದ್ದಕ್ಕಿಂತ ಸೋಫಾದ ಮೇಲೆ ಕೂತಿದ್ದಕ್ಕೆ ಹೆಚ್ಚು ಹೆಸರು! ಇದಕ್ಕೆ ಜನರನ್ನು ದೂರಿ ಫಲವಿಲ್ಲ. ಮರಳುಗಾಡಿನ ಕಥೆಯನ್ನು ಕನ್ನಡದಲ್ಲಿ ಅವರ ಕಿವಿಗೆ ಮುಟ್ಟಿಸಿದವರು ಕಡಿಮೆ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಜನ ಕೇಳತೊಡಗಿದ ಮೇಲೆ ಎಂಜಿನ್ ಆಯಿಲ್ ಮಾರುವವರೊಬ್ಬರು ಬಂದು, ಪ್ರತಿ ಕಂತಿನಲ್ಲೂ ತಮ್ಮ ಡಬ್ಬಿಯ ಹೆಸರು ಗೆಳೆಯನ ಬಾಯಿಂದ ಬರಬೇಕೆಂದರು. ಅವನು ‘ನನ್ನ ಬಾಯಿ ಮಾರಿದ್ರೆ ಗ್ಯಾರೇಜಿಗೆ ಯಾರು ಬರ್ತಾರೆ?’ ಎಂದ. ವ್ಯವಹಾರ ಅಲ್ಲಿಗೇ ನಿಂತಿತು. ಖರ್ಚು ಹೆಚ್ಚೇನಿಲ್ಲ, ಅಂಗಡಿಯ ಗಲ್ಲಾದಿಂದಲೇ ಹೋಗುತ್ತದೆ. ಪ್ರಾಯೋಜಕರನ್ನು ತೆಗೆದುಕೊಳ್ಳುವವರು ತೆಗೆದುಕೊಳ್ಳಲಿ. ಹೇಳುವವನ ತೀರ್ಪು ಮಾತ್ರ ಮಾರಾಟಕ್ಕಿಲ್ಲ ಎಂದು ಕೇಳುಗನಿಗೆ ಗೊತ್ತಿರಬೇಕು.

ನಾವು ಮಾಡಿದ ಕಂತುಗಳಲ್ಲಿ ಯಾವುದು ಚೆನ್ನಾಗಿತ್ತು ಎಂದು ಯಾರಾದರೂ ಕೇಳಿದರೆ, ಗಾಡಿ ಓಡಿಸಲು ಬಾರದ ಒಬ್ಬ ಹೆಂಗಸು ಮಾತಾಡಿದ ಕಂತನ್ನು ಹೇಳುತ್ತೇನೆ. ಕೋಸಿಗಿ, ಕೌತಾಳಂ ಕಡೆ ಮಳೆಯನ್ನೇ ನಂಬಿದ ಹೊಲಗಳು. ಸುಗ್ಗಿ ಕೈಕೊಟ್ಟರೆ, ಎಷ್ಟೋ ಸಲ ಕೊಡದಿದ್ದರೂ, ಮನೆಮಂದಿಯೆಲ್ಲ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೊಯ್ಯಲು ಗುಂಟೂರಿಗೆ ಹೊರಡುತ್ತಾರೆ. ಶಾಲೆ ಬಿಟ್ಟ ಮಕ್ಕಳು, ಅಕ್ಕಿ ಮೂಟೆ, ಪಾತ್ರೆ, ಕಟ್ಟಿಗೆ ಎಲ್ಲ ಒಂದೇ ಗಾಡಿಯ ಹಿಂದೆ. ನಂದ್ಯಾಲ ದಾಟಿ ಗಿದ್ದಲೂರಿನ ಕಡೆ ನಲ್ಲಮಲದ ಘಾಟು ಇಳಿಯಬೇಕು. ನಾವು ಆ ಪಯಣದ ಬಗ್ಗೆ ಡ್ರೈವರನ್ನು ಮಾತಾಡಿಸಲು ಹೋಗಿದ್ದೆವು. ಅವನ ಪಕ್ಕದಲ್ಲಿ ಕೂತಿದ್ದ, ವರ್ಷಾವರ್ಷ ಹಿಂದೆ ಕೂತು ಹೋಗುವ ಆಕೆ ನಡುವೆ ಬಾಯಿ ಹಾಕಿದರು.

‘ಕತ್ತಲಾಗ ನಮಗೆ ದಾರಿ ಕಾಣಂಗಿಲ್ಲ, ಟಾರ್ಪಾಲ್ ಕಟ್ಟಿರ್ತಾರೆ. ಸದ್ದಿನ ಮ್ಯಾಲೆ ಗೊತ್ತು ಹಿಡೀತೀವಿ. ಏರೋವಾಗ ಗಾಡಿ ಅಳ್ತೈತೆ, ಅದಕ್ಕೆ ಭಯ ಇಲ್ಲ. ಇಳಿಯೋವಾಗ ಎಂಜಿನ್ ಗುರ್ ಅಂತಿದ್ರೆ ಮಕ್ಕಳನ್ನ ಮಲಗಿಸ್ತೀವಿ. ಎಂಜಿನ್ ಸುಮ್ಮನಾಗಿ ಗಾಡಿ ಓಡಾಕ ಹತ್ತಿದ್ರೆ ಎದ್ದು ಕುಂತು ಈರಣ್ಣನ ನೆನೀತೀವಿ.’

ಉರುಕುಂದ ಈರಣ್ಣ ನಮ್ಮ ಕಡೆಯ ದೇವರು. ಆಕೆ ಹೇಳಿದ್ದು ಮಾತ್ರ ಪಕ್ಕಾ ಮೆಕ್ಯಾನಿಕ್ಕಿನ ವಿಷಯ. ಇಳಿಜಾರಿನಲ್ಲಿ ಡೀಸೆಲ್ ಉಳಿಸುತ್ತೇವೆಂದು ಕೆಲವು ಡ್ರೈವರುಗಳು ಗೇರನ್ನು ನ್ಯೂಟ್ರಲ್ಲಿಗೆ ತಳ್ಳುತ್ತಾರೆ. ಆಗ ಎಂಜಿನ್ ಸುಮ್ಮನಾಗುತ್ತದೆ, ಗಾಡಿ ತನ್ನ ಭಾರಕ್ಕೆ ತಾನೇ ಓಡುತ್ತದೆ, ತಡೆಯುವ ಹೊರೆಯೆಲ್ಲ ಬ್ರೇಕಿನ ಮೇಲೆ. ಡ್ರಮ್ಮು ಕಾಯುತ್ತದೆ, ಕಾದಷ್ಟೂ ಹಿಡಿತ ಕಡಿಮೆ. ಏರ್ ಬ್ರೇಕಿನ ಗಾಡಿಯಾದರೆ ಮತ್ತೆ ಮತ್ತೆ ಒತ್ತಿ ಟ್ಯಾಂಕಿನ ಗಾಳಿಯೂ ಇಳಿಯುತ್ತದೆ. ಎಂಜಿನ್ ನಿಧಾನ ತಿರುಗುವುದರಿಂದ ಕಂಪ್ರೆಸರ್ ಅದನ್ನು ಬೇಗ ತುಂಬಲಾರದು. ಗೆಳೆಯ ಈ ವಿವರವನ್ನೆಲ್ಲ ಹೇಳಿ, ಇನ್ನೊಂದನ್ನೂ ಸೇರಿಸಿದ: ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪಂಪು ಡೀಸೆಲ್ ಬಿಡುವುದೇ ಇಲ್ಲ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಆರದಿರಲು ಒಂದಿಷ್ಟು ಡೀಸೆಲ್ ಸುಡುತ್ತಲೇ ಇರಬೇಕು. ಉಳಿತಾಯ ಅನ್ನುವುದು ಬರೀ ನಂಬಿಕೆ.

ಆ ಕಂತು ಹೊರಬಿದ್ದ ರಾತ್ರಿಯೇ ವಾಯ್ಸ್ ಮೆಸೇಜುಗಳ ಮಳೆ. ಅರ್ಧ ತೆಲುಗು, ಅರ್ಧ ಕನ್ನಡ. ತೆಲುಗಿನವನ್ನು ತೆಲುಗಿನಲ್ಲೇ ಬಿಟ್ಟೆವು. ಈ ಹೆದ್ದಾರಿಯಲ್ಲಿ ಎರಡೂ ತಿಳಿಯದವರು ಯಾರಿದ್ದಾರೆ? ‘ಮೂವತ್ತು ವರ್ಷದಿಂದ ನ್ಯೂಟ್ರಲ್ಲಿನಲ್ಲೇ ಇಳಿಸಿದ್ದೀನಿ, ಏನಾಗೈತೆ?’ ಎಂದ ಒಬ್ಬ ಹಿರಿಯ ಡ್ರೈವರ್. ‘ನಿನ್ನ ಹಿಂದೆ ಕುಂತವರನ್ನ ಕೇಳು’ ಎಂದ ಇನ್ನೊಬ್ಬ. ಎಮ್ಮಿಗನೂರಿನ ಹುಡುಗನೊಬ್ಬ ತನ್ನ ಪಿಕಪ್ಪಿನಲ್ಲಿ ಒಂದೇ ಇಳಿಜಾರನ್ನು ಎರಡು ರೀತಿಯಲ್ಲಿ ಇಳಿದು ಎರಡು ರೆಕಾರ್ಡಿಂಗು ಕಳಿಸಿದ, ಏನೂ ವಿವರಣೆ ಇಲ್ಲದೆ. ಅವೆರಡನ್ನೂ ಹಾಗೆಯೇ ಕೇಳಿಸಿ, ಯಾವುದು ಗೇರು, ಯಾವುದು ನ್ಯೂಟ್ರಲ್ ಎಂದು ಕೇಳಿದೆವು. ಜನ ತಪ್ಪದೆ ಹೇಳಿದರು. ನಮ್ಮ ಕಡೆಯಿಂದ ಒಂದು ಮಾತೂ ಬೇಕಾಗಲಿಲ್ಲ.

ಆಮೇಲೆ ಬಂದ ಒಂದು ಮೆಸೇಜು ಚರ್ಚೆಯ ದಿಕ್ಕನ್ನೇ ಬದಲಿಸಿತು. ಡ್ರೈವರೊಬ್ಬ ಸಿಟ್ಟಿಲ್ಲದೆ ಹೇಳಿದ: ‘ಟ್ರಿಪ್ಪಿಗೆ ಇಷ್ಟೇ ಡೀಸೆಲ್ ಅಂತ ಮಾಲೀಕ ಲೆಕ್ಕ ಕಟ್ಟಿ ಕೊಡ್ತಾನೆ. ಹೆಚ್ಚಾದ್ರೆ ನನ್ನ ಕೂಲೀಲಿ ಹಿಡೀತಾನೆ. ಪಂಪಿನ ವಿಷಯ ನನಗೆ ಹೇಳಿದ್ದು ಆಯ್ತು. ಅವನಿಗೂ ಹೇಳಿ.’ ನ್ಯಾಯವಾದ ಮಾತು. ನಾಲ್ಕಾರು ಗಾಡಿ ಇಟ್ಟುಕೊಂಡ ಮಾಲೀಕರೊಬ್ಬರು, ಹೆಸರು ಹಾಕಬಾರದು ಅನ್ನುವ ಷರತ್ತಿನ ಮೇಲೆ, ಮಾತಾಡಲು ಒಪ್ಪಿದ್ದಾರೆ. ಹತ್ತಿ ಸೀಸನ್ ಮುಗಿಯುವವರೆಗೆ ಅವರಿಗೆ ಪುರುಸೊತ್ತಿಲ್ಲ. ಅವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಡ್ರೈವರುಗಳು ಈಗಿನಿಂದಲೇ ಕಳಿಸುತ್ತಿದ್ದಾರೆ.